ಇಲ್ಲದ ಮೊಲದ ಬೆನ್ನು

ನಮ್ಮ ಟೋಕಿಯೋ ಪ್ರಯೋಗಾಲಯದ ಕುರಾಮೋಚಿ-ಸಾನ್ ಅವರ ಕೆಲಸ, ಬಂದವರಿಗೆಲ್ಲ ಇಲ್ಲದ ಮೊಲವನ್ನು ಮುಟ್ಟಿಸುವುದು. ಮೇಜಿನ ಮೇಲೊಂದು ತಟ್ಟೆ, ಅದರ ತುಂಬ ಪುಟ್ಟ ಸ್ಪೀಕರುಗಳು. ಮೇಲೆ ಗಾಳಿಯಲ್ಲಿ ತೇಲುವ ಮೊಲದ ಚಿತ್ರ. ಸ್ಪೀಕರುಗಳಿಂದ ಹೊರಡುವ, ಕಿವಿಗೆ ಕೇಳದ ಸದ್ದು ಅಂಗೈಗೆ ಮೊಲದ ಬೆನ್ನಿನಂತೆ ತಾಕುತ್ತದೆ. ತಾಕಬೇಕು. ಆ ‘ಬೇಕು’ ಅವರ ಪ್ರಾಣ ಹಿಂಡುತ್ತದೆ. ಅತಿಥಿಗಳು ಬಾಗಿಲಲ್ಲಿ ಚಪ್ಪಲಿ ಬದಲಿಸುವಷ್ಟರಲ್ಲಿ ಇವರು ಮೂರು ಸಲ ಬಾಗಿ, ನಾಲ್ಕು ಸಲ ಬೆವರೊರೆಸಿಕೊಂಡು, ತಣ್ಣನೆಯ ಕೈಗೆ ತಾಕದೇ ಹೋದೀತೆಂದು ಬಿಸಿ ಟವೆಲ್ ಹಿಡಿದು ನಿಂತಿರುತ್ತಾರೆ. “ತಾಕ್ತಾ ಇದೆಯಾ? ನಿಜ ಹೇಳಿ, ನನ್ನ ಮುಖ ನೋಡ್ಬೇಡಿ” ಎಂದು ಗೋಗರೆಯುತ್ತಾರೆ. ನಮ್ಮ ಜಪಾನಿನ ಜನ ಎದುರಿಗೆ ‘ಇಲ್ಲ’ ಅನ್ನುತ್ತಾರೆಯೇ? “ಅಬ್ಬಾ, ಎಷ್ಟು ಮೆತ್ತಗಿದೆ!” ಕಳೆದ ವಸಂತದಲ್ಲಿ ಕಂಪನಿಯೊಂದರ ದೊಡ್ಡ ಅಧಿಕಾರಿ ಹೀಗೆ ಹೊಗಳಿ ಹೋದ ಮೇಲೆ ನೋಡಿದರೆ, ಚಿತ್ರವಷ್ಟೇ ಹೊತ್ತಿತ್ತು, ತಟ್ಟೆಯ ಸ್ವಿಚ್ಚೇ ಹಾಕಿರಲಿಲ್ಲ. ಅಂದಿನಿಂದ ಯಾರ ಹೊಗಳಿಕೆಯೂ ಅವರಿಗೆ ದಕ್ಕದು. ಊಟದ ಡಬ್ಬಿ ಮುಂದಿಟ್ಟುಕೊಂಡು ನನ್ನನ್ನೂ ಬಿಡುವುದಿಲ್ಲ: “ನೀವೂ ಮರ್ಯಾದೆಗೆ ಹೇಳ್ತಿದ್ದೀರಿ ಅಲ್ವಾ, ತೊಗಾಶಿ-ಸಾನ್? ನಾನು ನಂಬೋದು ಇದೊಂದನ್ನೇ” ಎಂದು ಬಲ ಅಂಗೈ ಎತ್ತಿ ತೋರಿಸುತ್ತಾರೆ. ಇವತ್ತು ಬೆಳಿಗ್ಗೆ, ಸಚಿವಾಲಯದವರು ಬರುವ ಮುನ್ನ, ಅದೇ ಅಂಗೈಯನ್ನು ಮೊಲದ ಮೇಲೆ ಚಾಚಿ, ಕಣ್ಣು ಮುಚ್ಚಿ, “ಸದ್ಯ, ತಾಕ್ತಿದೆ” ಎಂದು ನಿಟ್ಟುಸಿರುಬಿಟ್ಟರು. ತಟ್ಟೆಯ ಸ್ವಿಚ್ಚು ಹಾಕಿರಲಿಲ್ಲ. ನಾನು ಸದ್ದಾಗದಂತೆ ಹಾಕಿದೆ. ಅವರ ಕೈ ಹಾಗೇ ಸವರುತ್ತಲೇ ಇತ್ತು; ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ.