ಹಾಡುವಾಗಿನ ಕಿವಿ

ನಮ್ಮ ಆರ್ಕೆಸ್ಟ್ರಾದ ಕೀಬೋರ್ಡಿನವರು ಸಿಂಧನೂರಿನ ತಮ್ಮ ಅಡುಗೆಮನೆಯ ಕಿಟಕಿಯ ಬಳಿ ಕೂತು, ಹಾಡುವವರಿಗೆ ಕಿವಿಯೊಳಗೆ ಕೂರುವ ಸ್ಪೀಕರ್ ಮಾಡಿಕೊಡುತ್ತಿದ್ದರು. ಮದುವೆಗಳಲ್ಲಿ ಡ್ರಮ್ಮಿನ ಸದ್ದಿಗೆ ನನ್ನ ದನಿ ನನಗೇ ಕೇಳದೆ, ಅರಚಿ ಅರಚಿ ಗಂಟಲು ಕೆಟ್ಟಿತ್ತು. ಅವರು ನಾದಿದ ಹಿಟ್ಟಿನಂಥ ರಬ್ಬರನ್ನು ನನ್ನ ಕಿವಿಗೆ ತುಂಬಿ ಅಚ್ಚು ತೆಗೆದರು. ಅದೇ ಆಕಾರದಲ್ಲಿ ಕವಚ ಎರೆದು, ಒಳಗೆ ಕಾಳಿನಷ್ಟು ಸ್ಪೀಕರ್ ಕೂಡಿಸಿದರು.

ತುರ್ವಿಹಾಳದ ಮದುವೆಯಲ್ಲಿ ಮೇಲಿನ ಸ್ವರಕ್ಕೆ ಬಾಯಿ ತೆರೆದೆ. ಕಿವಿಯ ಸ್ಪೀಕರ್ ಜಾರಿ ಹೆಗಲಿಗೆ ಬಿತ್ತು. ಅವರು ನುಡಿಸುತ್ತಲೇ ನನ್ನ ದವಡೆಯನ್ನು ನೋಡುತ್ತಿದ್ದರು.

ಮರುದಿನ ಮತ್ತೆ ರಬ್ಬರ್ ನಾದಿದರು.

"ತಪ್ಪು ನಂದೈತಿ ತಂಗಿ. ಸುಮ್ನ ಕುಂತಾಗಿನ ಕಿವಿ ಅಚ್ಚು ತಗದಿದ್ದೆ. ಬಾಯಿ ತೆರದ್ರ ಕಿವಿ ಒಳಗಿನ ದಾರಿನೂ ಅಗಲ ಆಕೈತಿ. ಬಾಯಿ ಮುಚ್ಚಬ್ಯಾಡ, ಹಾಡು."

"ಕಿವಿ ತುಂಬಿದ್ರ ನಂಗ ಹೆಂಗ ಕೇಳಬೇಕ್ರೀ ಅಣ್ಣಾ?"

"ನಾ ಕೇಳ್ತೀನಲ್ಲ."

ನಾನು ಹಾಡಿದೆ. ಅವರು ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ರಬ್ಬರ್ ಗಟ್ಟಿಯಾದ ಮೇಲೂ ಸಾಕು ಅನ್ನಲಿಲ್ಲ.

ಅಂದಿನಿಂದ ವೇದಿಕೆ ಹತ್ತುವ ಮುನ್ನ ಪ್ರತಿ ಸಲವೂ ಅದೇ ಮಾತು: "ಬಾಯಿ ಮುಚ್ಚಬ್ಯಾಡ, ಹಾಡು."

ಅವರು ತೀರಿಕೊಂಡ ಮೇಲೆ ಆರ್ಕೆಸ್ಟ್ರಾ ನಿಂತಿತು. ಮಸ್ಕಿಯ ನನ್ನ ಮನೆಯಲ್ಲಿ ಒಮ್ಮೊಮ್ಮೆ, ತಂತಿಯನ್ನು ಯಾವುದಕ್ಕೂ ಸಿಕ್ಕಿಸದೆ, ಆ ಎರಡನೆಯ ಅಚ್ಚಿನ ಸ್ಪೀಕರ್‌ಗಳನ್ನು ಕಿವಿಗೆ ಹಾಕಿಕೊಳ್ಳುತ್ತೇನೆ. ಬಾಯಿ ಮುಚ್ಚಿ ಕೂತರೆ ಒತ್ತಿ ನೋಯಿಸುತ್ತವೆ. ಹಾಡಿದರೆ ಮಾತ್ರ ನೋವು ಬಿಡುತ್ತದೆ.