ಡಿಫರೆನ್ಷಿಯಲ್‌ನೊಳಗಿನ ಮರದ ಪುಡಿ

ನನ್ನ ಷಡ್ಡಕನ ಅಂಬಾಸಿಡರ್ ಕಾರಿನ ಡಿಫರೆನ್ಷಿಯಲ್‌ಗೆ ಮರದ ಪುಡಿ ತುಂಬಿದವನು ನಾನೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹನ್ನೆರಡು ವರ್ಷ ಬಾಯಿ ಮುಚ್ಚಿಕೊಂಡಿದ್ದವನು ಈಗ ಓದುವವರನ್ನೂ ಕಾಯಿಸಿದರೆ ಚೆನ್ನಾಗಿರುವುದಿಲ್ಲ.

ಆಗ ಕಾರು ನನ್ನದು. ಕೊಟ್ಟೂರಿನಲ್ಲಿ ನನಗೊಂದು ಬೀಜ-ಗೊಬ್ಬರದ ಅಂಗಡಿ ಇದೆ. ಬಿಳಿ ಅಂಬಾಸಿಡರ್ ಮುಂದೆ ನಿಂತಿದ್ದರೆ ಅಂಗಡಿಗೆ ಒಂದು ತೂಕ ಎಂದು ನಂಬಿದ್ದೆ. ನನ್ನ ಹೆಂಡತಿಯ ತಂಗಿಯನ್ನು ಹರಪನಹಳ್ಳಿಗೆ ಕೊಟ್ಟಿದ್ದಾರೆ. ಅವಳ ಗಂಡ ಮೆಕ್ಕೆಜೋಳದ ವ್ಯಾಪಾರಿ, ನನಗಿಂತ ಎಂಟು ವರ್ಷ ಚಿಕ್ಕವನು. ಮದುವೆಯಲ್ಲೋ ತೊಟ್ಟಿಲ ಕಾರ್ಯದಲ್ಲೋ ಅವನು ಸಿಕ್ಕಾಗಲೆಲ್ಲ ನಾನು ಕಾರಿನ ಗುಣಗಾನ ಮಾಡುತ್ತಿದ್ದೆ. "ಒಳಗ ಕುಂತ್ರ ಚಾಲೂ ಐತೋ ಬಂದ್ ಐತೋ ತಿಳಿಯಂಗಿಲ್ಲ ತಮ್ಮಾ" ಎನ್ನುವುದು ನನ್ನ ಖಾಯಂ ಮಾತು. ಕೇಳಿ ಕೇಳಿ ಅವನಿಗೂ ಆಸೆ ಹುಟ್ಟಿತು. ಯಾವಾಗಲಾದರೂ ಕೊಡುವುದಾದರೆ ತನಗೇ ಕೊಡಬೇಕು ಎಂದು ಮಾತು ತೆಗೆದುಕೊಂಡ. ನಾನು ಹೊಸ ಕಾರಿಗೆ ಹೆಸರು ಬರೆಸಿದ ತಿಂಗಳಲ್ಲೇ ಹಳೆಯದರ ಹಿಂಭಾಗದಿಂದ ಗುಂಯ್ ಎನ್ನುವ ಸದ್ದು ಶುರುವಾಯಿತು.

ಡಿಫರೆನ್ಷಿಯಲ್ ಎಂದರೆ ಹಿಂದಿನ ಎರಡು ಗಾಲಿಗಳ ನಡುವೆ ಕುಂಬಳಕಾಯಿಯಂತೆ ಊದಿಕೊಂಡಿರುವ ಭಾಗ. ಇಂಜಿನ್ನಿನ ತಿರುಗಾಟ ಉದ್ದನೆಯ ಶಾಫ್ಟಿನಲ್ಲಿ ಬಂದು ಇಲ್ಲಿ ಅಡ್ಡಕ್ಕೆ ಹೊರಳಿ ಎರಡೂ ಗಾಲಿಗಳಿಗೆ ಹಂಚಿಹೋಗುತ್ತದೆ. ಒಳಗೆ ಕ್ರೌನ್ ಎಂಬ ದೊಡ್ಡ ಹಲ್ಲುಚಕ್ರ, ಅದನ್ನು ತಿರುಗಿಸುವ ಪಿನಿಯನ್ ಎಂಬ ಚಿಕ್ಕದು. ಇವೆರಡರ ಹಲ್ಲು ಸವೆದರೆ ಸದ್ದು ಬರುತ್ತದೆ. ಕೂಡ್ಲಿಗಿಯ ಹೆದ್ದಾರಿ ಪಕ್ಕ ಶೆಡ್ ಇಟ್ಟುಕೊಂಡಿದ್ದ ಸಾಬರ ಮಿಸ್ತ್ರಿಗೆ ತೋರಿಸಿದೆ. ಜೋಡಿ ಬದಲಿಸಬೇಕು, ಸಾಮಾನು ಬರಲು ಹದಿನೈದು ದಿನ ಬೇಕು ಎಂದರು. ಅಷ್ಟು ದಿನ ನನಗಿರಲಿಲ್ಲ, ಕಾರು ಒಪ್ಪಿಸುವ ಮುಹೂರ್ತ ನಿಗದಿಯಾಗಿತ್ತು. ಸದ್ದಡಗಿಸಲು ಬೇರೆ ದಾರಿ ಇಲ್ಲವೇ ಎಂದು ಕೇಳಿದೆ.

"ಕೆಲವು ಮಂದಿ ಕಟಿಗಿ ಪುಡಿ ಹಾಕ್ತಾರ್ರಿ. ಎರಡ್ಮೂರು ತಿಂಗಳು ಸುಮ್ಮನಾಗತೈತಿ, ಆಮ್ಯಾಲ ಬೇರಿಂಗ ತಿಂದು ಹಾಕತೈತಿ. ನಾ ಅಂಥಾ ಕೆಲಸ ಮಾಡಂಗಿಲ್ಲ" ಎಂದರು ಮಿಸ್ತ್ರಿ.

ಅವರು ಮಾಡಲಿಲ್ಲ. ನಾನು ಮಾಡಿದೆ. ಸಾಮಿಲ್ಲಿನಿಂದ ಎರಡು ಸೇರು ಪುಡಿ ತಂದು, ಗಟ್ಟಿ ಎಣ್ಣೆಯಲ್ಲಿ ಕಲಸಿ, ಮನೆಯ ಹಿತ್ತಲಲ್ಲಿ ಕಾರಿನಡಿ ಅಂಗಾತ ಮಲಗಿ, ಎಣ್ಣೆ ಹಾಕುವ ತೂತಿನಿಂದ ಒಳಗೆ ದಬ್ಬಿದೆ. ದುಡ್ಡಿನಾಸೆಗೆ ಮಾಡಿದ್ದಲ್ಲ; ಸದ್ದಿದೆ ಎಂದು ಹೇಳಿದ್ದರೆ ಆ ಹುಡುಗ ಅದೇ ಬೆಲೆಗೆ ಹಾಗೆಯೇ ತೆಗೆದುಕೊಳ್ಳುತ್ತಿದ್ದ. ಹತ್ತು ವರ್ಷ ಜಂಬ ಕೊಚ್ಚಿದ ಬಾಯಿಂದ ಆ ಮಾತು ಹೊರಡಲಿಲ್ಲ, ಅಷ್ಟೆ.

ಷಡ್ಡಕ ಮಿಸ್ತ್ರಿಯನ್ನು ಕರೆತಂದು ಪರೀಕ್ಷೆ ಮಾಡಿಸುವ ಭಯವೂ ಇರಲಿಲ್ಲ. ನಮ್ಮ ಕಡೆ ಸಂಬಂಧಿಕರೊಳಗೆ ಗಾಡಿ ಕೊಟ್ಟು ತೆಗೆದುಕೊಳ್ಳುವಾಗ ಬಾನೆಟ್ ಎತ್ತಿ ನೋಡುವುದೇ ಅವಮಾನ. ಹೆಣ್ಣು ಕೊಟ್ಟ ಮನೆಯವರು ಎಣಿಸಿ ಕೊಟ್ಟ ನೋಟನ್ನು ಅವರೆದುರಿಗೇ ಮತ್ತೆ ಎಣಿಸಿದ ಹಾಗೆ. ನನ್ನ ಹೆಂಡತಿಯಂತೂ ತಂಗಿಯ ಮನೆಗೆ ಹೋಗುವ ಕಾರಿಗೆ ಉಡಿ ತುಂಬಿದಳು. ಡ್ರೈವರ್ ಸೀಟಿನ ಮೇಲೆ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಅದರ ಮೇಲೆ ಕೀಲಿಕೈ. ನಾನು ತುಂಬಿದ ಉಡಿ ಅವಳಿಗೆ ಕಾಣುವ ಜಾಗದಲ್ಲಿರಲಿಲ್ಲ. ಷಡ್ಡಕನಿಗೆ ಆಗ ಕಾರು ಓಡಿಸಲು ಬರುತ್ತಿರಲಿಲ್ಲ. ಅದಕ್ಕೆಂದೇ ಚಿಗಟೇರಿಯ ಒಬ್ಬನನ್ನು ಡ್ರೈವರ್ ಆಗಿ ಇಟ್ಟುಕೊಂಡಿದ್ದ. ಆತ ಬಂದು ಕಾರಿಗೆ ಕೈಮುಗಿದು ಹತ್ತಿ ಓಡಿಸಿಕೊಂಡು ಹೋದ.

ಮೂರು ತಿಂಗಳಿಗೆ ಸದ್ದು ಬಂತು, ಮೊದಲಿಗಿಂತ ಜೋರಾಗಿ. ಅಣ್ಣ, ಅಂದರೆ ನಾನು, ಕೊಟ್ಟ ಗಾಡಿಯಲ್ಲಿ ದೋಷ ಇರಲು ಸಾಧ್ಯವಿಲ್ಲ, ಹಾಗಾದರೆ ಡ್ರೈವರ್ ಎಣ್ಣೆ ನೋಡದೆ ಓಡಿಸಿದ್ದಾನೆ. ಇದು ಷಡ್ಡಕ ಹಾಕಿದ ಲೆಕ್ಕ. ಡ್ರೈವರನ್ನು ಕೆಲಸದಿಂದ ಬಿಡಿಸಿದ ಸುದ್ದಿಯನ್ನು ನನಗೆ ಒಂದು ನಾಮಕರಣದ ಪಂಕ್ತಿಯಲ್ಲಿ ಹೇಳಿದ. ನಾನು "ಹೌದಾ" ಎಂದು ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ. ಆ ಹೋಳಿಗೆ ಚೆನ್ನಾಗಿತ್ತು ಎನ್ನುವುದು ಕೂಡ ನನಗೆ ನೆನಪಿದೆ.

ಆಮೇಲೆ ಷಡ್ಡಕ ತಾನೇ ಓಡಿಸಲು ಕಲಿತ. ಕಡಿಮೆಯಾದಾಗ ಎಣ್ಣೆ ಸುರಿಯುತ್ತ, ಸದ್ದಿನ ಜೊತೆಗೇ ಸಂಸಾರ ಮಾಡುತ್ತ, ವಾರಕ್ಕೊಮ್ಮೆ ಹೊರಗೆ ತೆಗೆಯುತ್ತ ವರ್ಷಗಳನ್ನು ಕಳೆದ. ಈಗ ಎರಡು ವರ್ಷಗಳಿಂದ ಹಳೆಯ ಕಾರುಗಳಿಗೆ ಎಲ್ಲಿಲ್ಲದ ಬೆಲೆ ಬಂದಿದೆ; ಅವನೂ ಬಣ್ಣ ಹೊಡೆಸಿದ, ಸೀಟು ಹೊಲಿಸಿದ. ಕೊನೆಗೆ ಮೊನ್ನೆ ಸುಗ್ಗಿ ಮುಗಿದ ಮೇಲೆ ಫೋನ್ ಮಾಡಿದ. "ಅಣ್ಣಾ, ಹಿಂದಿಂದು ಪೂರಾ ಬಿಚ್ಚಿಸಿ ಹೊಸದು ಕೂಡಿಸ್ತೀನಿ. ಕೂಡ್ಲಿಗಿ ಮಿಸ್ತ್ರಿ ಒಪ್ಯಾರ. ನಿಮಗ ಈ ಗಾಡಿ ಗೊತ್ತು, ಬಂದು ಬಾಜೂಕ ಕುಂದರ್ರಿ."

ಹೋಗದಿರಲು ಮೂರು ನೆಪ ಹುಡುಕಿದೆ. ಮೂರಕ್ಕೂ ಅವನ ಹತ್ತಿರ ಪರಿಹಾರವಿತ್ತು.

ಶೆಡ್ಡಿನಲ್ಲಿ ಮಿಸ್ತ್ರಿ ನನ್ನನ್ನು ಗುರುತು ಹಿಡಿದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು, ಕಣ್ಣು ಮಾತ್ರ ಹಾಗೇ ಇತ್ತು. ನಮಸ್ಕಾರ ಹೇಳಿ ಕೆಲಸಕ್ಕೆ ಕೈ ಹಾಕಿದರು. ಗಾಲಿ ಕಳಚಿ, ಎಕ್ಸಲ್ ಶಾಫ್ಟುಗಳನ್ನು ಎರಡೂ ಕಡೆ ಎಳೆದು, ಉದ್ದ ಶಾಫ್ಟು ಬಿಡಿಸಿ, ಸುತ್ತಲಿನ ನಟ್ಟುಗಳನ್ನು ತೆಗೆದು, ಒಳಗಿನ ಜೋಡಣೆಯನ್ನು ಹಸುಗೂಸಿನಂತೆ ಎದೆಗೆ ಆನಿಸಿಕೊಂಡು ಹೊರತಂದರು. ತಳದಲ್ಲಿ ಡಾಂಬರಿನಂಥ ಗಸಿ. ಒಂದು ಹಿಡಿ ತೆಗೆದು ಡೀಸೆಲ್ಲಿನಲ್ಲಿ ತೊಳೆದು ಅಂಗೈ ಚಾಚಿದರು. ಸಣ್ಣ ಸಣ್ಣ ಚಕ್ಕೆ, ಕಂದು ಬಣ್ಣ, ಅನುಮಾನಕ್ಕೆ ಜಾಗವೇ ಇಲ್ಲ.

"ಕಟಿಗಿ ಪುಡಿ" ಎಂದರು.

ಇನ್ನು ಮುಗಿಯಿತು ಎಂದುಕೊಂಡೆ. ಆದರೆ ಷಡ್ಡಕ ನನ್ನ ಕಡೆ ನೋಡಲೇ ಇಲ್ಲ.

"ನೋಡ್ರಿ ಅಣ್ಣಾ, ಆ ಮಗನ ಕೆಲಸ. ಎಣ್ಣಿ ಇಲ್ಲದ ಓಡಿಸಿ ಹಾಳು ಮಾಡಿ, ನನಗ ತಿಳೀಬಾರದು ಅಂತ ಪುಡಿ ತುಂಬ್ಯಾನ. ನಾ ಬರೀ ಮೈಗಳ್ಳ ಅನ್ಕೊಂಡಿದ್ದೆ, ಕಳ್ಳನೂ ಹೌದು."

ಆಮೇಲೆ ತಾನಾಗಿಯೇ ಉಳಿದದ್ದನ್ನೂ ಹೇಳಿದ. ಆ ಚಿಗಟೇರಿಯವನು ಈಗ ಬಾಡಿಗೆ ಟ್ರ್ಯಾಕ್ಟರ್ ಹೊಡೆಯುತ್ತಿದ್ದಾನೆ. ಹರಪನಹಳ್ಳಿಯ ಒಂದು ಶಾಲೆಯಲ್ಲಿ ಮಕ್ಕಳ ವ್ಯಾನಿಗೆ ಡ್ರೈವರ್ ಬೇಕಾಗಿ, ಅವನು ಅರ್ಜಿ ಹಾಕಿದ್ದಾನೆ. ಹಿಂದೆ ಇವರ ಮನೆಯಲ್ಲಿದ್ದವನೆಂದು ಶಾಲೆಯವರು ಷಡ್ಡಕನನ್ನು ವಿಚಾರಿಸಿದ್ದಾರೆ. "ಹಳೇದು ಯಾಕ ಕೆದಕಬೇಕು, ಚಲೋ ಅದಾನ ಅಂದುಬಿಡಾಣ ಅಂತಿದ್ದೆ. ಇನ್ನ ಹೆಂಗ ಅನ್ನಲಿ? ಮಕ್ಕಳು ಕುಂದ್ರೋ ಗಾಡಿ."

ಮಿಸ್ತ್ರಿ ಅಂಗೈಯಲ್ಲಿದ್ದುದನ್ನು ಡಬ್ಬಿಗೆ ಸುರಿದು ನನ್ನನ್ನು ನೋಡಿದರು. ಬಹಳ ಹೊತ್ತೇನೂ ನೋಡಲಿಲ್ಲ. ಡೀಸೆಲ್ ಬಕೆಟ್ಟು, ಬ್ರಶ್ಶು ತಂದು ನನ್ನ ಮುಂದಿಟ್ಟರು.

"ನೀವು ಸುಮ್ಮನ ಕುಂತೀರಲ್ರಿ ಸಾವ್ಕಾರ್ರ. ಹೌಸಿಂಗ್ ಒಳಗ ತೊಳೀರಿ. ಒಂದು ಚಕ್ಕಿ ಉಳಿದ್ರೂ ಹೊಸಾ ಬೇರಿಂಗ ಹೋಗತೈತಿ."

ಮಧ್ಯಾಹ್ನದವರೆಗೂ ಆ ಕುಂಬಳಕಾಯಿಯ ಹೊಟ್ಟೆ ತೊಳೆದೆ. ಪುಡಿ ಮೂಲೆ ಮೂಲೆಗೂ ಹೊಕ್ಕಿತ್ತು. ಕಡ್ಡಿಗೆ ಬಟ್ಟೆ ಸುತ್ತಿ, ಬೆರಳು ತೂರಿಸಿ, ಮೂರು ಬಕೆಟ್ ಡೀಸೆಲ್ ಕಪ್ಪು ಮಾಡಿದೆ. ನನ್ನಂಥ ಹಿರಿಯ ಶೆಡ್ಡಿನಲ್ಲಿ ಕೂತು ಹೀಗೆ ಉಜ್ಜುವುದನ್ನು ಕಂಡು ಷಡ್ಡಕನಿಗೆ ಅಭಿಮಾನ ಉಕ್ಕಿತು. ಫೋಟೋ ತೆಗೆದು ಹೆಂಡತಿಗೆ ಕಳಿಸಿದ. ಆಗಲೂ ನಾನು ಹೇಳಲಿಲ್ಲ. ನಾಚಿಕೆಯಾಗುತ್ತಿತ್ತು, ನಿಜ, ಆದರೆ ನಾಚಿಕೆಯ ಜೊತೆ ಬಚಾವಾದೆ ಎಂಬ ಸಣ್ಣ ಸಮಾಧಾನವೂ ಇತ್ತು. ಅದನ್ನು ನೆನೆದರೆ ಈಗ ಹೆಚ್ಚು ಬೇಜಾರಾಗುತ್ತದೆ.

ಎರಡನೆಯ ದಿನ ಹೊಸ ಜೋಡಿ ಕೂರಿಸಿದರು. ಹಳೆಯದರಲ್ಲಿ ಪಿನಿಯನ್‌ಗೆ ಎಂಟು ಹಲ್ಲು, ಕ್ರೌನಿಗೆ ಮೂವತ್ತೊಂಬತ್ತು. ಹೊಸದರಲ್ಲಿ ಒಂಬತ್ತು ಮತ್ತು ನಲವತ್ತೊಂದು. ಇಂಜಿನ್ ಅಷ್ಟೇ ತಿರುಗಿದರೂ ಗಾಲಿ ಸ್ವಲ್ಪ ಹೆಚ್ಚು ತಿರುಗುತ್ತದೆ, ಈಗಿನ ರಸ್ತೆಗೆ ಅದೇ ಸರಿ. ಹಳೆಯ ಜೋಡಿಯಲ್ಲಿ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬದಲಿಸುವಂತಿಲ್ಲ, ಕೂಡಿ ಸವೆದದ್ದು ಕೂಡಿಯೇ ಹೋಗಬೇಕು. ಬೇರಿಂಗು, ಸೀಲುಗಳೆಲ್ಲ ಹೊಸವು. ಆಮೇಲಿನದು ನಿಜವಾದ ಕೆಲಸ. ಆಂಜನೇಯನಿಗೆ ಹಚ್ಚುವ ಸಿಂಧೂರದ ಪೊಟ್ಟಣ ಬಿಚ್ಚಿ, ಎಣ್ಣೆಯಲ್ಲಿ ಕಲಸಿ, ಮಿಸ್ತ್ರಿ ಕ್ರೌನಿನ ನಾಲ್ಕಾರು ಹಲ್ಲಿಗೆ ಬಳಿದರು. ತಿರುಗಿಸಿದಾಗ ಎಲ್ಲಿ ಸಿಂಧೂರ ಅಳಿಸುತ್ತದೋ ಅಲ್ಲಿ ಹಲ್ಲಿಗೆ ಹಲ್ಲು ತಾಕಿದೆ ಎಂದರ್ಥ. ಗುರುತು ಹಲ್ಲಿನ ತುದಿಗೆ ಬಂತು. ಬಿಚ್ಚಿ, ಕಾಗದದಷ್ಟು ತೆಳ್ಳಗಿನ ಉಕ್ಕಿನ ಬಿಲ್ಲೆಯೊಂದನ್ನು ಪಿನಿಯನ್ ಹಿಂದೆ ಸೇರಿಸಿ ಮತ್ತೆ ಕೂಡಿಸಿದರು. ಈಗ ಬುಡಕ್ಕೆ ಬಂತು. ಮತ್ತೆ ಬಿಚ್ಚಿದರು. ಹೀಗೆ ಐದು ಸಲ. ಐದನೆಯ ಸಲ ಗುರುತು ಹಲ್ಲಿನ ನಟ್ಟನಡುವೆ ಅಂಡಾಕಾರವಾಗಿ ಮೂಡಿತು.

"ಈಗ ಬಂತ್ರಿ. ಸುಳ್ಳು ಹೇಳಾಕ ಬರಂಗಿಲ್ಲ ಇದಕ್ಕ" ಎಂದರು. ನನಗೇ ಹೇಳಿದರೋ, ಕೆಲಸದ ಮಾತೋ, ತಿಳಿಯಲಿಲ್ಲ.

ಸಂಜೆ ನಾಲ್ಕಕ್ಕೆ ಗಾಡಿ ನೆಲಕ್ಕಿಳಿಯಿತು. ಹೊರಡುವಾಗ ಮಿಸ್ತ್ರಿ ಕಿಟಕಿಗೆ ಬಂದು ಮೀಟರ್ ಇನ್ನು ಮುಂದೆ ಕಡಿಮೆ ತೋರಿಸುತ್ತದೆ, ಐವತ್ತು ಅಂದರೆ ಐವತ್ತಮೂರು ಎಂದು ತಿಳಿಯಿರಿ ಎಂದು ಹೇಳಿದರು. ಷಡ್ಡಕ ಓಡಿಸಿದ, ನಾನು ಪಕ್ಕದಲ್ಲಿ ಕೂತೆ. ಕೊಟ್ಟೂರಿನಲ್ಲಿ ನನ್ನನ್ನು ಇಳಿಸಿ ಮುಂದೆ ಹೋಗುವುದು ಅವನ ಯೋಜನೆ. ಕಾರಿನ ಒಳಗೆ ಗಾಳಿಯ ಸದ್ದು ಬಿಟ್ಟರೆ ಏನೂ ಇಲ್ಲ. ಅವನ ಮುಖ ಮಗುವಿನ ಮುಖವಾಗಿತ್ತು.

"ನೀವು ಅಂತಿದ್ರಲ್ಲ ಅಣ್ಣಾ, ಚಾಲೂ ಐತೋ ಇಲ್ಲೋ ತಿಳಿಯಂಗಿಲ್ಲ ಅಂತ. ಹನ್ನೆರಡು ವರ್ಷ ಆದಮ್ಯಾಲ ಕೇಳಿದೆ ನೋಡ್ರಿ."

ಆಗ ಹೇಳಿದೆ. ಧೈರ್ಯ ಬಂದು ಹೇಳಿದ್ದಲ್ಲ. ಇನ್ನು ತಡೆಯಲು ಆಗಲಿಲ್ಲ.

"ತಮ್ಮಾ, ಪುಡಿ ಹಾಕಿದಾಂವ ನಾನು. ನಿನಗ ಕೊಡೋ ಮುಂಚೆ. ಆ ಮನುಷ್ಯಂದು ಏನೂ ತಪ್ಪಿಲ್ಲ."

ಅವನು ಕಾರು ನಿಲ್ಲಿಸಲಿಲ್ಲ, ಬೈಯಲಿಲ್ಲ. ಕೊಟ್ಟೂರು ಬಂತು, ನನ್ನ ಅಂಗಡಿಯ ಬೀದಿ ಬಂತು, ತಿರುಗಿಸಲಿಲ್ಲ. ಊರು ದಾಟಿದ ಮೇಲೆ ಒಂದೇ ಮಾತು ಆಡಿದ: "ಚಿಗಟೇರಿಗೆ ಹೋಗಾಣ. ನೀವ ಹೇಳ್ರಿ ಅವಂಗ." ಹರಪನಹಳ್ಳಿಯಲ್ಲೂ ನಿಲ್ಲಿಸಲಿಲ್ಲ.

ಡ್ರೈವರ್ ಮನೆಯ ಮುಂದೆ ಟ್ರ್ಯಾಕ್ಟರ್ ನಿಂತಿತ್ತು. ಕಾರು ಕಂಡು ಆತ ಹೆಗಲ ಟವೆಲ್ ಕೈಗೆ ತೆಗೆದುಕೊಂಡು ಬಂದ. ಆತನ ಹೆಂಡತಿ ಕಟ್ಟೆಗೆ ಚಾಪೆ ಹಾಸಿ ಬಾಗಿಲಲ್ಲಿ ನಿಂತಳು. ನಾನು ಕೂರಲಿಲ್ಲ. ನಿಂತೇ ಎಲ್ಲ ಹೇಳಿದೆ, ತಪ್ಪಾಯಿತು ಎಂದೆ. ಷಡ್ಡಕ ಅಲ್ಲೇ ಶಾಲೆಯವರಿಗೆ ಫೋನ್ ಹಚ್ಚಿ, ಇಂಥ ಒಳ್ಳೆಯ ಡ್ರೈವರ್ ನಿಮಗೆ ಬೇರೆಲ್ಲೂ ಸಿಗುವುದಿಲ್ಲ ಎಂದ. ಡ್ರೈವರ್ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಮುಖದಲ್ಲಿ ಸಿಟ್ಟೂ ಇರಲಿಲ್ಲ. ಏನೋ ಲೆಕ್ಕ ಹಾಕುವವನಂತೆ ನೆಲ ನೋಡುತ್ತಿದ್ದ.

"ಆವತ್ತು ಎಣ್ಣಿ ನೋಡೀನ್ರಿ ಅಂತ ನಿಮಗ ಹೇಳಿದ್ದೆ ಸಾವ್ಕಾರ್ರ" ಎಂದ ಕೊನೆಗೆ, ಷಡ್ಡಕನಿಗೆ. "ಖರೇನ ನೋಡಿದ್ದೆ. ಆದ್ರ ಮನ್ಯಾಗ ಕುಂತು ವಿಚಾರ ಮಾಡಿ ಮಾಡಿ, ನೋಡಿದ್ನೋ ಇಲ್ಲೋ ಅನ್ಸಾಕ ಹತ್ತಿತು. ಎರಡು ವರ್ಷ ಆದಮ್ಯಾಲ, ನೋಡಿರ್ಲಿಕ್ಕಿಲ್ಲ ಅಂತ ನಾನ ಒಪ್ಪಿಕೊಂಡುಬಿಟ್ಟೆ. ಈಗ ಟ್ರ್ಯಾಕ್ಟರ್ ಹತ್ತೋ ಮುಂಚೆ ಎಣ್ಣಿ ಕಡ್ಡಿ ಮೂರು ಸಲ ತಗದು ನೋಡ್ತೀನಿ. ಹೊಲದ ಮಟ ಹೋಗಿ ಇಳದು ಇನ್ನೊಂದ್ಸಲ ನೋಡ್ತೀನಿ. ಮಂದಿ ನಗ್ತಾರ."

ಅವನ ನೌಕರಿ ಹೋದದ್ದು ಗೊತ್ತಿತ್ತು, ಹೆಸರು ಕೆಟ್ಟದ್ದು ಗೊತ್ತಿತ್ತು. ಇದು ಗೊತ್ತಿರಲಿಲ್ಲ.

ಅವನು ನಮ್ಮಿಬ್ಬರನ್ನೂ ಬಿಟ್ಟು ಬಾಗಿಲ ಕಡೆ ತಿರುಗಿದ.

"ನೋಡಿದ್ದೆ ಅಂತ ನಿನಗೂ ಹೇಳಿರ್ಲಿಲ್ಲೇನ?" ಎಂದು ಹೆಂಡತಿಯನ್ನು ಕೇಳಿದ.

ಅವಳು ಸೆರಗಿನ ತುದಿ ಬಾಯಿಗೆ ಹಿಡಿದು ತಲೆಯಾಡಿಸಿದಳು. "ಹೇಳಿದ್ದಿ" ಎಂದಳು. "ನಾನ ನಂಬಿರ್ಲಿಲ್ಲ."