ಎರಡು ಸಲ ಉಲ್ಟಾ

ಲಿಫ್ಟ್ ರಿಪೇರಿಯಲ್ಲೇ ತಲೆ ನರೆತ ಅವನನ್ನು ಓಣಿಯವರು ‘ಮೇಲೆಕೆಳಗೆ’ ಎಂದು ಕರೆಯುತ್ತಿದ್ದರು. ಅವನಿಗೆ ಬೇಸರವಿರಲಿಲ್ಲ, ಕೆಲಸದ ವರ್ಣನೆಯಾಗಿ ಆ ಹೆಸರು ನಿಖರವೇ ಆಗಿತ್ತು. ಲಘುವಾದ ಪಾರ್ಶ್ವವಾಯು ಬಡಿದು ಬಲಗೈ ಸೋತಾಗ ಕಂಪನಿ ದೀರ್ಘ ರಜೆ ಕೊಟ್ಟಿತು. ಚಳಿಗಾಲ ಮುಗಿಯುವ ಹೊತ್ತಿಗೆ ಬೆರಳುಗಳು ಬಹುಪಾಲು ಮಾತು ಕೇಳತೊಡಗಿದ್ದವು. ಸೋಮವಾರದಿಂದ ಬರುತ್ತಾನೋ ಇಲ್ಲವೋ ತಿಳಿಸಬೇಕೆಂದು ಮೇಲಧಿಕಾರಿ ಫೋನು ಮಾಡಿದ್ದರು.

ವೈದ್ಯರು ಕೆಲಸಕ್ಕೆ ಯೋಗ್ಯನೆಂದು ಬರೆದುಕೊಟ್ಟಿದ್ದರೂ ಅವನಿಗೆ ಸಮಾಧಾನವಿರಲಿಲ್ಲ. ಅವರು ಪರೀಕ್ಷಿಸಿದ್ದು ರಬ್ಬರ್ ಚೆಂಡು ಹಿಸುಕುವ ಕೈಯನ್ನು, ತಂತಿ ಹಿಡಿಯುವ ಕೈಯನ್ನಲ್ಲ. ಆದ್ದರಿಂದ ಅವನು ತನ್ನ ಪರೀಕ್ಷೆಯನ್ನು ತಾನೇ ಏರ್ಪಡಿಸಿಕೊಂಡ: ಮೊಳದುದ್ದದ ಮಾದರಿ ದೋಣಿಗೆ ಎರಡು ಮೋಟಾರು ಕೂರಿಸುವುದು. ಉದ್ಯಾನದ ಕೊಳವನ್ನು ಅದು ನೇರವಾಗಿ ದಾಟಿದರೆ ಕೆಲಸಕ್ಕೆ ಹೋಗುವುದು, ಇಲ್ಲವಾದರೆ ಇಲ್ಲ. ಒಂದೇ ಪ್ರಯೋಗದಿಂದ ಅಷ್ಟು ದೊಡ್ಡ ತೀರ್ಮಾನಕ್ಕೆ ಬರುವುದನ್ನು ಯಾರಾದರೂ ಆಕ್ಷೇಪಿಸಬಹುದಿತ್ತು. ಆದರೆ ವಿಷಯ ಹೆಂಡತಿಗಲ್ಲದೆ ಮತ್ತಾರಿಗೂ ಗೊತ್ತಿರಲಿಲ್ಲ.

ಅಂಥ ದೋಣಿಯ ಎರಡು ಪ್ರೊಪೆಲ್ಲರುಗಳು ಒಂದಕ್ಕೊಂದು ಕನ್ನಡಿಯ ಬಿಂಬದಂತಿರುತ್ತವೆ. ಒಂದು ಬಲಕ್ಕೆ, ಇನ್ನೊಂದು ಎಡಕ್ಕೆ ಸುತ್ತಿದರೆ ಮಾತ್ರ ಎರಡೂ ದೋಣಿಯನ್ನು ಮುಂದಕ್ಕೆ ನೂಕುತ್ತವೆ. ಹಾಗಾಗಿ ಒಂದು ಮೋಟಾರಿನ ಕೆಂಪು, ಕಪ್ಪು ತಂತಿಗಳನ್ನು ಅದಲುಬದಲು ಮಾಡಬೇಕು. ಅಡುಗೆಮನೆಯ ಮೇಜಿನ ಮೇಲೆ ಅವನು ಎಡ ಮೋಟಾರಿನ ಬುಡದಲ್ಲೇ ಅದನ್ನು ಮಾಡಿ ಬೆಸೆದ. ಕೈ ನಡುಗಲಿಲ್ಲ. ತಂತಿಗಳ ಇನ್ನೊಂದು ತುದಿಯನ್ನು ಸ್ವಿಚ್ಚಿಗೆ ಸಿಕ್ಕಿಸಿ ಸ್ಕ್ರೂ ಬಿಗಿಯುವ ಕೆಲಸ ಹೆಂಡತಿಯದು.

“ಎಡಗಡೇದು ಉಲ್ಟಾ ಕಣೇ,” ಎಂದ.

ಅವನು ಹೇಳಿದ್ದು ಆಗಿಹೋದದ್ದನ್ನು. ಅವಳು ಕೇಳಿಸಿಕೊಂಡದ್ದು ಆಗಬೇಕಾದದ್ದನ್ನು. ಅಚ್ಚುಕಟ್ಟಾಗಿ ಮತ್ತೊಮ್ಮೆ ಉಲ್ಟಾ ಮಾಡಿ ಬಿಗಿದಳು. ಅವನು ಮೇಲ್ಮುಚ್ಚಳ ಕೂರಿಸಿ ಅಂಟು ಹಾಕಿದ.

ಭಾನುವಾರ ಕೊಳದ ದಂಡೆಗೆ ಅವಳ ತಮ್ಮನೂ ಬಂದಿದ್ದ. ಸ್ವಿಚ್ಚೊತ್ತಿ ಬಿಟ್ಟ ದೋಣಿ ನಿಂತಲ್ಲೇ ಗಿರಗಿರನೆ ತಿರುಗಿತು.

“ಭಾವ, ನೀವು ಮಾಡಿದ್ದು ದೋಣೀನೋ, ಬಟ್ಟೆ ಒಗೆಯೋ ಮಿಷನ್ನೋ?”

“ಬಾಯ್ಮುಚ್ಚೋ, ಹೊತ್ತಿಲ್ಲ ಗೊತ್ತಿಲ್ಲ ನಿಂಗೆ,” ಎಂದು ಅಕ್ಕ ಗದರಿದಳು.

ಅವನು ದೋಣಿಯನ್ನು ಎಳೆದುಕೊಂಡು, ಬೆಂಚಿನ ಮೇಲೆ ಕುಳಿತು ಚಾಕುವಿನಿಂದ ಮುಚ್ಚಳ ಎಬ್ಬಿಸಿದ. ಬೆಸುಗೆಗಳನ್ನು ಒಂದೊಂದಾಗಿ ಜಗ್ಗಿದ, ಯಾವುದೂ ಬಿಡಲಿಲ್ಲ. ಆಮೇಲೆ ಸ್ವಿಚ್ಚಿನಲ್ಲಿ ಎಡಗಡೆಯ ತಂತಿಗಳು ಅದಲುಬದಲಾಗಿದ್ದದ್ದು ಕಣ್ಣಿಗೆ ಬಿತ್ತು.

“ಇದನ್ಯಾಕೆ ತಿರುಗಿಸಿದೆ?”

“ನೀವೇ ಅಂದ್ರಲ್ರೀ, ಉಲ್ಟಾ ಅಂತ.”

“ನಾನು ಆಗ್ಲೇ ಮಾಡಾಗಿತ್ತು.”

“ಅಯ್ಯೋ! ಹಾಗಾದ್ರೆ ತಪ್ಪು ನಂದು, ನಿಮ್ಮ ಕೈದಲ್ಲ. ಫೋನ್ ಮಾಡಿ, ನಾಳೆಯಿಂದ ಬರ್ತೀನಿ ಅನ್ನಿ.”

ಭಾಮೈದ ತಂತಿ ಬದಲಿಸಿ ದೋಣಿಯನ್ನು ನೀರಿಗೆ ಬಿಟ್ಟ. ಅದು ಗೆರೆ ಎಳೆದಂತೆ ಆಚೆ ದಡ ಮುಟ್ಟಿತು.

“ನನ್ನ ಕೈ ಸರಿಯಿದೆ,” ಎಂದ ಅವನು ಹೆಂಡತಿಗೆ. “ಆದ್ರೆ ಮುಚ್ಚೋ ಮುಂಚೆ ಒಂದ್ಸಲ ಓಡಿಸಿ ನೋಡ್ಬೇಕಿತ್ತು. ನಂಗೆ ಹಾಗೆ ಅನ್ನಿಸ್ಲೇ ಇಲ್ಲ.”

“ಆಟದ ದೋಣಿ ಅಲ್ವೇನ್ರೀ!”

“ಲಿಫ್ಟಲ್ಲಿ ಜನ ಇರ್ತಾರೆ.”

ಆ ಮರೆವು ರೋಗದ್ದೋ, ಅಭ್ಯಾಸ ತಪ್ಪಿದ್ದರದೋ, ಬರಿಯ ಆತುರದ್ದೋ ಎಂದು ಬೇರ್ಪಡಿಸಿ ನೋಡುವ ಉಪಾಯ ಅವನಲ್ಲಿರಲಿಲ್ಲ. ಬೆಂಚಿನಿಂದಲೇ ಮೇಲಧಿಕಾರಿಗೆ ಫೋನು ಮಾಡಿದ. ಬರುತ್ತೇನೆ, ಆದರೆ ನಾನು ರಿಪೇರಿ ಮಾಡಿ ಮುಚ್ಚುವ ಮುನ್ನ ಇನ್ನೊಬ್ಬರು ನೋಡಬೇಕು ಎಂದ. ಒಂದು ಲಿಫ್ಟಿಗೆ ಇಬ್ಬರನ್ನು ಕಳಿಸುವ ಪದ್ಧತಿಯಿಲ್ಲ ಎಂದು ಅತ್ತಲಿಂದ ಉತ್ತರ ಬಂತು.

“ಹಾಗಾದ್ರೆ ಬೇಡ ಸಾರ್,” ಎಂದ.